ಕಾಳಪ್ಪನ ಬಾಗಿಲ ಅಳತೆ

ಹೊಳೆಯ ದಂಡೆಗೆ ಒಂದು ಮಠ. ಅಲ್ಲಿಯ ಅಜ್ಜಾರು ಶಿಷ್ಯರಿಗೆ ಮಂತ್ರಕ್ಕಿಂತ ಮೊದಲು ಮರಗೆಲಸ ಕಲಿಸುತ್ತಿದ್ದರು. ಯಾಕೆಂದು ಕೇಳಿದವರಿಗೆ, "ಮಂತ್ರ ತಪ್ಪಿದ್ರ ಯಾರಿಗೂ ಕಾಣಂಗಿಲ್ಲ," ಅಂದು ನಗುತ್ತಿದ್ದರು.

ಮೌನೇಶ ಅವರ ಹಿರಿಯ ಶಿಷ್ಯ. ಕಾಳಪ್ಪ ನಿನ್ನೆ ಮೊನ್ನೆ ಬಂದವನು. ಉಳಿ ಹಿಡಿಯುವುದನ್ನೂ ಅವನಿಗೆ ಮೌನೇಶನೇ ಕಲಿಸಿದ್ದ.

ಮಠಕ್ಕೆ ಹೊಸ ಹೆಬ್ಬಾಗಿಲು ಮಾಡುವ ಕಾಲ ಬಂತು. ಅಜ್ಜಾರು ಅದನ್ನು ಕಾಳಪ್ಪನಿಗೆ ವಹಿಸಿದರು. ಮೌನೇಶನಿಗೆ ಸಿಕ್ಕಿದ್ದು ಅಡುಗೆಮನೆಯ ಕಿಟಕಿ.

ಅದೂ ಸಾಲದೆಂಬಂತೆ ಅಜ್ಜಾರು ತಮ್ಮ ಕುಳಿ ಬೈರಿಗೆಯನ್ನೂ ಕಾಳಪ್ಪನ ಕೈಗೇ ಇಟ್ಟರು. ಸ್ಕ್ರೂವಿನ ತಲೆ ಹಲಗೆಗೆ ಸಮವಾಗಿ ಕೂರಬೇಕಲ್ಲ, ಅದಕ್ಕೆ ತೂತಿನ ಬಾಯಿಯನ್ನು ಕೊರೆದು ಅಗಲ ಮಾಡುವ ಸಣ್ಣ ಕೈ ಉಪಕರಣ ಅದು. ಅದರ ಮರದ ಹಿಡಿಕೆ ಅಜ್ಜಾರ ಅಂಗೈ ತಾಗಿ ತಾಗಿ ಕಪ್ಪಾಗಿತ್ತು.

ಮೌನೇಶನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಪ್ರಸಾದಕ್ಕೆ ಕೂತರೆ ಕಾಳಪ್ಪನ ತಟ್ಟೆಗೆ ಎಷ್ಟು ಬಿತ್ತೆಂದು ನೋಡಿದ. ಭಜನೆಗೆ ಕೂತರೆ ಅಜ್ಜಾರು ಯಾರ ಕಡೆ ತಿರುಗಿದರೆಂದು ನೋಡಿದ. ಭಕ್ತರು ಬಾಗಿಲ ಮುಂದೆ ನಿಂತು, "ಏನ್ ಕುಳಿ ಕೊರದಾನಪಾ, ಎಷ್ಟ್ ನುಣುಪು!" ಅನ್ನುವಾಗ ಅವನಿಗೆ ತಡೆಯಲಾಗಲಿಲ್ಲ.

"ಬೈರಿಗಿ ಅಜ್ಜಾರದು," ಅಂದ.

ಕಡೆಗೆ ಅಜ್ಜಾರ ಹತ್ತಿರವೇ ಹೋದ.

"ಅಜ್ಜಾರ, ನನಗೊಂದು ಛಲೋ ಕುಳಿ ಬೈರಿಗಿ ಆರಿಸಿ ಕೊಡ್ರಿ."

ಅಜ್ಜಾರು ಪೆಟ್ಟಿಗೆ ತೆರೆದು ಮೂರನ್ನು ಚಾಪೆಯ ಮೇಲೆ ಇಟ್ಟರು.

"ಇದಕ್ಕ ಹಲ್ಲು ಭಾಳ. ಲಗೂನ ಕೊರಿತೈತಿ, ಕೈ ಅವಸರ ಮಾಡಿದ್ರ ಕುಳಿ ತರಿತರಿ ಆಗ್ತೈತಿ. ಇದಕ್ಕ ಕೊರಿಯೋ ಅಲಗು ಒಂದ. ಸಾವಕಾಶ ಕೊರಿತೈತಿ, ನುಣುಪು ಬರ್ತೈತಿ. ಇದನ್ನ ದೊಡ್ಡ ಬೈರಿಗಿಗೆ ಸಿಗಿಸಿ ತಿರುವಬೇಕು. ಜೋರು ಭಾಳ, ತೆಳು ಹಲಗಿಗೆ ಬ್ಯಾಡ. ನಿನ್ನ ಹಲಗಿ ಯಾವುದು?"

"ಕಾಳಪ್ಪನ ಕೈಯಾಗಿಂದು ಇದರಾಗ ಯಾವ ಜಾತೀದ್ರಿ?"

"ನಾ ನಿನ್ನ ಹಲಗಿ ಕೇಳಿದೆ."

"ನನಗ ಅವನ ಕೈಯಾಗಿಂದು ಬೇಕ್ರಿ," ಅಂದ ಮೌನೇಶ. "ಇಲ್ಲಾಂದ್ರ ಅಪ್ಪಣಿ ಕೊಡ್ರಿ, ನಾ ಮಠ ಬಿಟ್ಟು ಹೋಗ್ತೀನಿ."

ಅಜ್ಜಾರು ಕಾಳಪ್ಪನನ್ನು ಕರೆದರು.

ಕಾಳಪ್ಪ ಬೈರಿಗೆಯನ್ನು ಧೋತರದ ಅಂಚಿನಲ್ಲಿ ಒರೆಸಿ ಮೌನೇಶನ ಕೈಗೆ ಕೊಟ್ಟ. "ತಗೋ ಅಣ್ಣಾ. ನನಗ ಯಾವುದಾದ್ರೂ ನಡೀತೈತಿ," ಅಂದು ಚಾಪೆಯ ಮೇಲಿದ್ದ ಹಲ್ಲಿನ ಬೈರಿಗೆ ಎತ್ತಿಕೊಂಡು ಹೋದ.

ಅವನು ಒಂದಿಷ್ಟು ಮುಖ ಗಂಟು ಹಾಕಿದ್ದರೂ ಮೌನೇಶನಿಗೆ ಸಮಾಧಾನವಾಗುತ್ತಿತ್ತು. ಅದನ್ನೂ ಮಾಡಲಿಲ್ಲ ಪುಣ್ಯಾತ್ಮ.

ಹಲ್ಲಿನ ಬೈರಿಗೆಯಲ್ಲೂ ಕಾಳಪ್ಪನ ಕುಳಿಗಳು ನುಣುಪಾಗಿಯೇ ಬಂದವು. ಮೌನೇಶನಿಗೆ ಈಗ ಬೇರೆ ಚಿಂತೆ ಹತ್ತಿತು. ಬೈರಿಗೆ ತನ್ನ ಕೈಯಲ್ಲಿದೆ, ಆದರೂ ಜನ ನೋಡುವುದು ಆ ಬಾಗಿಲನ್ನೇ. ಹಾಗಾದರೆ ಗುಟ್ಟು ಕುಳಿಯ ಅಳತೆಯಲ್ಲೇ ಇರಬೇಕು.

ಬೆಳಿಗ್ಗೆ ಎಲ್ಲರೂ ಹೊಳೆಗೆ ಸ್ನಾನಕ್ಕೆ ಹೋದಾಗ ಅವನು ಕೈವಾರ ಹಿಡಿದು ಹೆಬ್ಬಾಗಿಲ ಹತ್ತಿರ ಹೋದ. ಇನ್ನೂ ಸ್ಕ್ರೂ ಹಾಕದ ಒಂದು ಕುಳಿಯ ಬಾಯಿಗೆ ಕೈವಾರದ ಕಾಲು ಅಗಲಿಸಿ ಅಳತೆ ಹಿಡಿದ. ಕಾಲು ಅಲುಗದಂತೆ ಎದೆಗೆ ಒತ್ತಿಕೊಂಡು ಓಡಿ ಬಂದ.

ಆಮೇಲೆ ತನ್ನ ಕಿಟಕಿಯ ಪ್ರತಿ ಕುಳಿಯನ್ನೂ ಆ ಅಳತೆಗೇ ಕೊರೆದ. ಕಾಳಪ್ಪನಿಗಿಂತ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಬಾರದು. ಬೆರಳಿಗೆ ಬೊಬ್ಬೆ ಬಂದರೂ ಬಿಡಲಿಲ್ಲ.

ಕೆಲಸ ಮುಗಿದ ಮೇಲೆ ಅಜ್ಜಾರನ್ನು ಕರೆದ. ಕಾಳಪ್ಪನನ್ನೂ ಕರೆದ. ಅವನು ನೋಡದಿದ್ದರೆ ಮಾಡಿದ್ದೆಲ್ಲ ದಂಡವಲ್ಲವೇ?

ಅಜ್ಜಾರು ಕುಳಿಯೊಳಗೆ ಬೆರಳಾಡಿಸಿದರು.

"ಭಾಳ ನುಣುಪು ಬಂದೈತಿ."

ಮೌನೇಶ ಓರೆಗಣ್ಣಿನಲ್ಲಿ ಕಾಳಪ್ಪನನ್ನು ನೋಡಿದ. ಎಷ್ಟೋ ದಿನದ ಮೇಲೆ ಅವನ ಹೊಟ್ಟೆ ತಣ್ಣಗಾಯಿತು.

ಅಜ್ಜಾರು ಮೌನೇಶನ ಡಬ್ಬಿಯಿಂದ ಒಂದು ಸ್ಕ್ರೂ ತೆಗೆದರು. ಅದನ್ನು ತಲೆಕೆಳಗು ಮಾಡಿ ಕುಳಿಗೆ ಇಟ್ಟರು. ತಲೆಯ ಅಂಚೂ ಕುಳಿಯ ಅಂಚೂ ಒಂದಕ್ಕೊಂದು ಕೂಡಬೇಕು. ಬಡಗಿಗಳ ಪರೀಕ್ಷೆ ಅದು.

ಕೂಡಲಿಲ್ಲ. ಸ್ಕ್ರೂ ಕುಳಿಯೊಳಗೆ ಹೊರಳಿ ಅಡ್ಡ ಬಿತ್ತು.

ಅಜ್ಜಾರು ಇನ್ನೊಂದು ಕುಳಿಗೆ ಇಟ್ಟರು. ಅಲ್ಲೂ ಅದೇ ಹಾಡು.

"ಬೈರಿಗಿ ಸರಿ ಇಲ್ಲೇನೋ ಅಜ್ಜಾರ," ಅಂದ ಮೌನೇಶ.

"ಬೈರಿಗಿ ನಂದು," ಅಂದರು ಅಜ್ಜಾರು. "ಅಳತಿ ಯಾರದು?"

ಮೌನೇಶ ಕೈವಾರವನ್ನು ಬೆನ್ನ ಹಿಂದೆ ಸರಿಸಿದ. ಅಜ್ಜಾರು ಕಾಯುವುದರಲ್ಲಿ ಪಳಗಿದವರು.

"ಕಾಳಪ್ಪನ ಬಾಗಲದ್ರಿ," ಅಂದ ಮೌನೇಶ ಕೊನೆಗೆ. "ಎಲ್ಲಾರೂ ಹೊಳಿಗೆ ಹೋದಾಗ ಹಿಡಕೊಂಡು ಬಂದೆ."

"ಬಾಗಲಕ್ಕ ದಪ್ಪ ಸ್ಕ್ರೂ, ಕಿಟಕಿಗೆ ಸಣ್ಣ ಸ್ಕ್ರೂ. ನಿನಗ ಗೊತ್ತಿರಲಿಲ್ಲೇನು?"

"ಗೊತ್ತಿತ್ರಿ."

ಗೊತ್ತಿರುವುದೇನು, ಕಾಳಪ್ಪನಿಗೆ ಅದನ್ನು ಹೇಳಿಕೊಟ್ಟವನೇ ಅವನು. ಕಾಳಪ್ಪ ನೆಲ ನೋಡುತ್ತ ನಿಂತಿದ್ದ. ಮೌನೇಶನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಕಿಟಕಿಯ ತೆಳು ಹಲಗೆಯ ಅರ್ಧ ದಪ್ಪವನ್ನು ಅವನ ಕುಳಿಗಳೇ ತಿಂದಿದ್ದವು. ಅದು ಇನ್ನು ಕಿಟಕಿಯಾಗುವ ಹಾಗಿರಲಿಲ್ಲ.

ಅವನು ಬೈರಿಗೆಯನ್ನು ಅಜ್ಜಾರ ಪಾದದ ಹತ್ತಿರ ಇಟ್ಟ.

"ನಾ ಹೋಗ್ಲೇನ್ರಿ, ಅಜ್ಜಾರ?"

ಅಜ್ಜಾರು ಕಾಳಪ್ಪನ ಕಡೆ ಕೈ ಚಾಚಿದರು. ಅವನು ಹೆಬ್ಬಾಗಿಲ ದಪ್ಪ ಸ್ಕ್ರೂ ಒಂದನ್ನು ತಂದು ಕೊಟ್ಟ. ಅದನ್ನು ತಲೆಕೆಳಗು ಮಾಡಿ ಮೌನೇಶನ ಕುಳಿಗೆ ಇಟ್ಟರು. ಅಂಚಿಗೆ ಅಂಚು ಕೂಡಿತು. ಸ್ಕ್ರೂ ಅಲುಗಾಡದೆ ನೆಟ್ಟಗೆ ನಿಂತಿತು.

ಅವರು ಮೌನೇಶನ ಕೈ ಹಿಡಿದು, ಅಂಗೈಗೆ ಅವನ ಸಣ್ಣ ಸ್ಕ್ರೂ ಇಟ್ಟು, ಬೆರಳು ಮಡಿಸಿದರು.

"ಕಾಳಪ್ಪನ ಸ್ಕ್ರೂಕ ಛಲೋ ಜಾಗಾ ಮಾಡೀದಿ, ಮೌನೇಶಾ. ಇನ್ನ ನಿಂದು ಎಲ್ಲಿ ಇಡ್ತಿ?"