ತಪ್ಪು ಸಾಲಿನಲ್ಲಿ ನಿಂತ ಉಪ್ಪಿನ ಮಾಚ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ದೇವಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಅವರನ್ನೇ ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ! ತಪ್ಪಿದವನ ತಲೆ ಅಮಾವಾಸ್ಯೆಗೆ ಉರುಳುತ್ತದೆ!"

ಕೆಂಚನದುರ್ಗದಲ್ಲಿ ಹೀಗೆ ಡಂಗುರ ಬಿತ್ತು. ತಲೆಯ ಷರತ್ತು ಹಾಕಿದವನು ರಾಜ ವೀರಭೈರವ. ಕೋಪ ಅವನ ಮೂಗಿನ ತುದಿಯಲ್ಲಿ, ಉಪ್ಪಿನಕಾಯಿ ಎಲೆಯ ತುಂಬ. ಅವನ ಅಪ್ಪ, ಅಜ್ಜ ಇಬ್ಬರೂ ಗಟ್ಟಿಮುಟ್ಟಾಗಿದ್ದವರು, ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡು ಪ್ರಾಣ ಬಿಟ್ಟಿದ್ದರು. ಮುಂದಿನ ಸರದಿ ತಂದೆಯದೇ ಎಂದು ರಾಜಕುಮಾರಿಗೆ ಜೀವ ಹಾರುತ್ತಿತ್ತು. ವೈದ್ಯರು ಕೊಟ್ಟ ಕಷಾಯವನ್ನು ರಾಜ, "ನನಗೇನಾಗಿದೆ ಧಾಡಿ?" ಎಂದು ಕಿಟಕಿಯಾಚೆ ಚೆಲ್ಲುತ್ತಿದ್ದ.

ರಾಜಕುಮಾರಿ ಮೊದಲ ಒಗಟು ಕೇಳಿದಳು: "ಸದ್ದಿಲ್ಲದೆ ಮನೆ ಹೊಗುತ್ತದೆ, ಒಳಗಿದ್ದರೂ ಯಜಮಾನನಿಗೆ ಗೊತ್ತಾಗುವುದಿಲ್ಲ, ಒಂದು ದಿನ ಮನೆಯನ್ನೇ ಕೆಡವುತ್ತದೆ. ಏನದು?"

"ಗೆದ್ದಲು," ಎಂದ ಒಬ್ಬ ಪಾಳೆಯಗಾರ.

"ಗೆದ್ದಲಿನ ಮಣ್ಣಾದರೂ ಕಣ್ಣಿಗೆ ಬೀಳುತ್ತದೆ," ಎಂದಳು. ಅವನು ಸೆರೆಮನೆಗೆ ನಡೆದ.

"ಮನೆಯಳಿಯ," ಎಂದ ಇನ್ನೊಬ್ಬ. ಸಭೆ ನಕ್ಕಿತು, ರಾಜ ನಗಲಿಲ್ಲ. ಅವನೂ ಸೆರೆಮನೆ ಸೇರಿದ.

ಆಮೇಲೆ ಬಂದವನು ಉಪ್ಪು ಮಾರುವ ಮಾಚ. ಪಾಪ, ಅವನು ಬಂದದ್ದು ವೈದ್ಯರ ಮೇಲೆ ದೂರು ಹೇಳಲು, ನಿಂತದ್ದು ವರರ ಸಾಲಿನಲ್ಲಿ. ಒಗಟು ಕೇಳಿದ್ದೇ ಉರಿದುಬಿದ್ದ.

"ಇದೇ ಬುದ್ದೀ ನನ್ನ ದೂರು! ರಕ್ತದೊತ್ತಡ ಅಂತೆ, ಒಳಗಿದ್ರೂ ಗೊತ್ತಾಗಲ್ವಂತೆ! ಹಂಗಂತ ವೈದ್ಯರು ಮೇಲೂರಿನವರನ್ನೆಲ್ಲ ಹೆದರಿಸಿ ನನ್ನ ವ್ಯಾಪಾರ ಕೆಡಿಸವ್ರೆ."

ರಾಜಕುಮಾರಿ ಎದ್ದು ನಿಂತಳು. "ಸರಿಯಾದ ಉತ್ತರ! ಎರಡನೆಯದು ಕೇಳು. ನಾಲಿಗೆಗೆ ನಂಟ, ಎದೆಗೆ ಹಗೆ. ಅವನಿಲ್ಲದೆ ಊಟವಿಲ್ಲ, ಅವನು ಹೆಚ್ಚಾದರೆ ಉಣ್ಣುವವನೇ ಇಲ್ಲ. ಯಾರು?"

ಮಾಚ ಬೆವೆತುಹೋದ. ಹೇಳಿದರೆ ವ್ಯಾಪಾರ ಹೋಗುತ್ತದೆ, ಹೇಳದಿದ್ದರೆ ತಲೆ. ತಲೆಯಿದ್ದರಲ್ಲವೇ ಮೂಟೆ ಹೊರುವುದು!

"ಉಪ್ಪು ಕಣ್ರವ್ವಾ," ಎಂದು ಅಳುಮೋರೆ ಹಾಕಿದ.

"ಕೊನೆಯದು. ಕುಡಿದರೆ ಏನೂ ಆಗುವುದಿಲ್ಲ, ಏನೂ ಆಗದಿರುವುದೇ ಅದರ ಗುಣ. ಏನದು?"

"ವೈದ್ಯರ ಕಷಾಯ! ಮೇಲೂರಿನವರು ಕುಡಿದ್ರು, ಕೆಳಗೂರಿನವರು ಕುಡೀಲಿಲ್ಲ. ಮೊದಮೊದಲು ಎರಡೂರೂ ಒಂದೇ ಥರ ಇದ್ವು. ಈಗ ಕೆಳಗೂರಲ್ಲಿ ನನ್ನ ಹಳೇ ಗಿರಾಕಿಗಳು ಎಷ್ಟೋ ಜನ ಎದೆ ಹಿಡ್ಕೊಂಡು ಹೋದ್ರು. ಮೇಲೂರ ಮುದುಕರು ಇನ್ನೂ ಜಗಲಿ ಮೇಲೆ ಕೂತು ಚೌಕಾಸಿ ಮಾಡ್ತಾವ್ರೆ," ಎಂದವನು ತಟಕ್ಕನೆ ನಿಂತ. "ಅಯ್ಯೋ, ಸತ್ತೋರು ಉಪ್ಪು ಕೊಳ್ಳಲ್ಲ! ಇವರು ಚೂರುಚೂರೇ ಕೊಂಡ್ರೂ ಬಹಳ ವರ್ಷ ಕೊಳ್ತಾರೆ. ಬುದ್ದೀ, ನನ್ನ ದೂರು ವಾಪಸ್ಸು!"

"ಯಾರಿಗೆ ಹೇಳಿಸುತ್ತಿದ್ದೀಯೆ ಇದನ್ನೆಲ್ಲ?" ರಾಜ ಮಗಳ ಕಡೆ ತಿರುಗಿ ಗುಡುಗಿದ.

"ನಿಮಗೇ ಅಪ್ಪಾಜಿ," ಎಂದು ಅವಳು ಬಿಕ್ಕಿದಳು. "ಔಷಧಿ ಈಗಿನ ನೋವಿಗಲ್ಲ, ನಾಳೆ ಬರಬಾರದ ಸಾವಿಗೆ. ನೀವು ನನಗೆ ಬೇಕು."

ರಾಜ ಕಷಾಯದ ಬಟ್ಟಲು ತರಿಸಿ, ಮೂಗು ಹಿಡಿದು ಕುಡಿದು, ಸ್ವಲ್ಪ ಹೊತ್ತು ಕಾದು ಕೂತ. "ಏನೂ ಆಗಲಿಲ್ಲವಲ್ಲ!"

"ನಾಳೆಯೂ ಕುಡಿಯಿರಿ," ಎಂದಳು ಮಗಳು ಕಣ್ಣೊರೆಸಿಕೊಳ್ಳುತ್ತ.

ಸೆರೆಯಲ್ಲಿದ್ದವರು ಹಾರ ಹಾಕಿಸಿಕೊಂಡು ಮನೆಗೆ ಹೋದರು. ಮಾಚನಿಗೆ ಅರ್ಧ ರಾಜ್ಯ ಸಿಕ್ಕಿತು, ರಾಜಕುಮಾರಿ ಮನಸಾರೆ ಒಪ್ಪಿ ಅವನ ಕೈಹಿಡಿದಳು. ಮದುವೆಯೂಟ ಸಪ್ಪೆಯೆಂದು ರಾಜ ಎಲೆಯ ಮುಂದೆ ಗೊಣಗಿದ. ಮೊಮ್ಮಗಳ ಮದುವೆಯಲ್ಲೂ ಹಾಗೆಯೇ ಗೊಣಗಿದ.