ಗೋಡೆ ಕಟ್ಟಿ ತೋರಿಸಿದ ಮಂಗಟ್ಟೆ

ಮೊಟ್ಟೆಯಿಡುವ ಕಾಲಕ್ಕೆ ನಮ್ಮ ಮಂಗಟ್ಟೆ ಹಕ್ಕಿಗಳಲ್ಲಿ ಹೆಂಡತಿ ಮರದ ಪೊಟರೆಯೊಳಗೆ ಕೂತು, ಬಾಗಿಲನ್ನು ತಾನೇ ಮಣ್ಣಿನಿಂದ ಮುಚ್ಚಿಕೊಳ್ಳುತ್ತಾಳೆ. ಕೊಕ್ಕು ಚಾಚುವಷ್ಟು ಸಂದಿ ಬಿಟ್ಟುಕೊಂಡು, ಗಂಡ ತಂದ ಹಣ್ಣು ತಿನ್ನುತ್ತಾಳೆ. ದೂರದ ಕಾಡಿನಿಂದ ಈ ಮರಕ್ಕೆ ಮದುವೆಯಾಗಿ ಬಂದ ನಾನು ಹನ್ನೆರಡು ಸಲ ಹಾಗೆ ಕೂತವಳು. ಅದರ ಜಂಬ ಇನ್ನೂ ಇಳಿದಿಲ್ಲ.

ಮೊನ್ನೆ ಮೊಮ್ಮಗನ ಹೆಂಡತಿ, “ಅಜ್ಜಿ, ನಾನು ಗೋಡೆ ಕಟ್ಟುವುದಿಲ್ಲ. ಒಂದು ಹೊತ್ತು ನಾನು, ಒಂದು ಹೊತ್ತು ಇವನು ಕಾವು ಕೊಡುತ್ತೇವೆ” ಅಂದಳು.

ಗಂಡನನ್ನು ‘ಇವನು’ ಅನ್ನುವುದು ಬೇರೆ! “ಹಾಗಾದರೆ ಈ ಮರ ಬಿಟ್ಟು ಹೊರಡು” ಅಂದೆ.

ಅವಳ ಕಣ್ಣು ತುಂಬಿತು. ಅವಳು ಮೊಟ್ಟೆಯಿಡಲು ಎರಡೇ ದಿನವಿತ್ತು.

“ಅದೇನು ಮಹಾ ಕಷ್ಟ? ನೋಡಿ ಕಲಿ” ಎಂದು ನಾನೇ ಪೊಟರೆಗಿಳಿದು ಮಣ್ಣು ಮೆತ್ತತೊಡಗಿದೆ. ಪಳಗಿದ ಕೆಲಸ, ಹೆಮ್ಮೆಯಲ್ಲಿ ಮೈಮರೆತು, ಸಂದಿಯೊಂದನ್ನು ಬಿಟ್ಟು ಪೂರ್ತಿ ಮುಚ್ಚಿಬಿಟ್ಟೆ. ಮಣ್ಣು ಒಣಗಿತು. ಒಳಗೆ ಮೊಟ್ಟೆಯಿಲ್ಲ, ಹೊರಗೆ ಗಂಡನಿಲ್ಲ. ಅವರು ತೀರಿಕೊಂಡು ಮೂರು ವರ್ಷ.

ಮೊಮ್ಮಗ ಬಿದ್ದು ಬಿದ್ದು ನಕ್ಕ. ಅವಳು ನಗಲಿಲ್ಲ. ಸಂದಿಗೆ ಮುಖವಿಟ್ಟು, “ಹಸಿದಿದ್ದೀರಿ ಅಜ್ಜಿ. ಯಾವ ಹಣ್ಣು ತರಲಿ?” ಅಂದಳು.

“ನಿಮ್ಮ ತಾತನಿಗೆ ಅತ್ತಿಹಣ್ಣು ಇಷ್ಟ.”

“ನಿಮಗೆ?”

ಹನ್ನೆರಡು ಸಲದಲ್ಲಿ ಒಮ್ಮೆಯೂ ಯಾರೂ ಇದನ್ನು ಕೇಳಿರಲಿಲ್ಲ; ನಾನೂ ಕೇಳಿಕೊಂಡಿರಲಿಲ್ಲ. ನನಗಿಷ್ಟವಾದ ಒಂದು ಹಣ್ಣೂ ನೆನಪಿಗೆ ಬರಲಿಲ್ಲ.

“ಸ್ವಲ್ಪ ದೂರ ನಿಲ್ಲಮ್ಮ” ಎಂದು ಗೋಡೆಯನ್ನು ಕುಕ್ಕತೊಡಗಿದೆ. “ನಾನೇ ಹೋಗಿ ತಿಂದು ನೋಡಿ ಹೇಳುತ್ತೇನೆ. ಪೊಟರೆ ನಿನ್ನದು, ಬಾಗಿಲೂ ನಿನ್ನದೇ.”