ಆಳುಗುರಿ ಗುಡ್ಡ

ಅಳಿವೆಯ ಬಡಗಣ ದಂಡೆಯ ಗುಡ್ಡದ ನೆತ್ತಿಯಲ್ಲಿ ಕಡಲಿಗೆ ಮುಖ ಮಾಡಿ ಆಳೆತ್ತರದ ಕಲ್ಲೊಂದು ನಿಂತಿದೆ, ಮೈತುಂಬ ಸುಣ್ಣ. ಕೆಳಗೆ ನೀರಂಚಿನಲ್ಲಿ ಒಂದು ಕರಿಬಂಡೆ. ಕಡಲಿನಿಂದ ಮರಳುವಾಗ ಬಿಳಿಗಲ್ಲು ಕರಿಬಂಡೆಯ ನೇರ ಮೇಲೆ ಕಂಡರೆ ದೋಣಿ ಸರಿದಾರಿಯಲ್ಲಿದೆ. ಸ್ವಲ್ಪ ಸರಿದರೂ ಮರಳದಿಬ್ಬಕ್ಕೆ ಬಡಿಯುತ್ತದೆ. ಇಂಥ ಗುರುತಿಗೆ ಇಲ್ಲಿನ ಮೀನುಗಾರರು ‘ಆಳುಗುರಿ’ ಎನ್ನುತ್ತಾರೆ. ಯಾವ ಆಳು ಎಂದು ಕೇಳಿದರೆ ಬಚ್ಚನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ ಕಲ್ಲಿನ ಜಾಗದಲ್ಲಿ ಒಂಟಿ ತಾಳೆಮರವಿತ್ತು. ಬಚ್ಚ, ಕುಪ್ಪ ಇಬ್ಬರೂ ಒಂದೇ ದೋಣಿಯಲ್ಲಿ ಹುಟ್ಟು ಹಾಕಲು ಕಲಿತವರು. ಆದರೆ ಕುಪ್ಪನ ದೋಣಿ ಮೀನಿನ ಭಾರಕ್ಕೆ ಕುಸಿದು ಬರುತ್ತಿತ್ತು, ಬಚ್ಚನದು ಬರಿದಾಗಿ ಕುಣಿಯುತ್ತ ಬರುತ್ತಿತ್ತು. ಬುಟ್ಟಿ ಹಿಡಿದ ಹೆಂಗಸರು ಓಡುತ್ತಿದ್ದದ್ದು ಕುಪ್ಪನ ಕಡೆಗೇ. ಕೊನೆಗೆ ಬಚ್ಚನ ಒಡಹುಟ್ಟಿದ ತಮ್ಮ ಶೀನನೂ ಕುಪ್ಪನ ದೋಣಿ ಹತ್ತಿದಾಗ ಬಚ್ಚ ಹೊಟ್ಟೆಕಿಚ್ಚಿನಿಂದ ಕುಪ್ಪನ ಬೆನ್ನು ಹತ್ತಿದ. ಕುಪ್ಪ ತಾಳೆಮರವೂ ಕರಿಬಂಡೆಯೂ ಒಂದೇ ಗೆರೆಯಲ್ಲಿ ಕಾಣುವ ಕಡೆ ಬಲೆ ಬಿಡುತ್ತಾನೆಂದು ಅವನು ಕದ್ದು ನೋಡಿ ಕಂಡುಕೊಂಡ. ತಾನೂ ಅಲ್ಲಿಗೇ ಹೋಗಬಹುದಿತ್ತು. ಆದರೆ ಅವನಿಗೆ ಬೇಕಾಗಿದ್ದದ್ದು ಮೀನಲ್ಲ, ಕುಪ್ಪನ ಬರಿದೋಣಿ. ಒಂದು ಬೆಳಿಗ್ಗೆ ಜ್ವರದ ನೆಪ ಹೇಳಿ ಉಳಿದು, ಗುಡ್ಡ ಹತ್ತಿ ಮರ ಕಡಿದುರುಳಿಸಿದ. ಎಷ್ಟು ಹಾಯೆನಿಸಿತೆಂದರೆ ಅಲ್ಲೇ ಕೂತು ಎಲೆಯಡಿಕೆ ಹಾಕಿಕೊಂಡ.

ಮಧ್ಯಾಹ್ನ ಗಾಳಿ ಎದ್ದು ದೋಣಿಗಳು ತಿರುಗಿದಾಗಲೇ ಅವನಿಗೆ ನೆನಪಾದದ್ದು: ಅಳಿವೆ ಹೊಗುವ ದಾರಿಗೂ ಅದೇ ಮರ ಗುರುತು. ಹೊಟ್ಟೆಕಿಚ್ಚಿನಲ್ಲಿ ಅದು ಮರೆತೇಹೋಗಿತ್ತು. ಮುಂದಿದ್ದ ಕುಪ್ಪನ ದೋಣಿ ಅತ್ತಿತ್ತ ತಡಕಾಡುತ್ತಿತ್ತು, ಅದರಲ್ಲಿ ಶೀನನಿದ್ದ. ಬಚ್ಚ ಉಟ್ಟ ಬಿಳಿ ಪಂಚೆ ಬಿಚ್ಚಿ, ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಮರದ ಬುಡದ ಮೇಲೆ ನಿಂತ. ಕೊನೆಯ ದೋಣಿ ಒಳಗೆ ಬರುವವರೆಗೂ ಕೈ ಇಳಿಸಲಿಲ್ಲ.

“ಮರ ಎಲ್ಲಿ ಹೋಯ್ತ್ ಅಣ್ಣಾ?” ಎಂದು ಶೀನ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದ. ಹಿಂದೆಯೇ ಬಂದ ಕುಪ್ಪ, ಬಿದ್ದಿದ್ದ ಕೊಡಲಿಯನ್ನು ನೋಡಿದ.

“ಇನ್ನೊಂದ್ ಮರ ಬೆಳು ತನಕ ನೀನೇ ನಿಲ್ಕ್ ಮಾರಾಯಾ,” ಎಂದಷ್ಟೇ ಹೇಳಿದ.

ತಾಳೆ ಬೆಳೆಯಲು ಎಷ್ಟು ಕಾಲ ಬೇಕೆಂದು ಬಲ್ಲವರಿಗೆ ಗೊತ್ತು. ಸಾಯುವವರೆಗೂ ಬಚ್ಚ ದಿನವೂ ನಿಂತ. ಕುಪ್ಪನ ತುಂಬಿದ ದೋಣಿಗೆ ತಾನೇ ದಾರಿ ತೋರಿಸಿದ. ಹೊಟ್ಟೆಯುರಿ ಆರಲಿಲ್ಲ, ನಿಲ್ಲುವುದನ್ನೂ ತಪ್ಪಿಸಲಿಲ್ಲ ಎನ್ನುತ್ತಾರೆ. ಅವನು ತೀರಿಕೊಂಡ ಮೇಲೆ ಅಲ್ಲಿ ಅವನಷ್ಟೇ ಎತ್ತರದ ಕಲ್ಲು ನೆಟ್ಟರು. ಮಳೆಗಾಲ ಕಳೆದ ಮೇಲೆ ಅದಕ್ಕೆ ಸುಣ್ಣ ಬಳಿಯುವುದು ಹಿಂದಿನ ವರ್ಷ ಎಲ್ಲರಿಗಿಂತ ಕಡಿಮೆ ಮೀನು ಹಿಡಿದ ದೋಣಿಯವನ ಪಾಲು. ಈಗಲೂ ಹೋದವರು ಅದನ್ನು ನೋಡಬಹುದು: ಬಳಿಯುವವನು, ಬೇರೆಯವರ ತುಂಬಿದ ದೋಣಿಗಳು ಕಣ್ಣಿಗೆ ಬೀಳದಂತೆ, ಕಡಲಿಗೆ ಬೆನ್ನು ಹಾಕಿಯೇ ಬಳಿಯುತ್ತಾನೆ.